ಉಗ್ರಾಣದ ಬಾಗಿಲಲ್ಲಿ ಕಾಲ ಮತ್ತು ತೂಕ ಉಳಿಸುವ ಬಗೆ

ತಳಿ, ಗೊಬ್ಬರ, ಕೀಟದ ಹತೋಟಿ ಇವುಗಳ ಬಗ್ಗೆ ನಮ್ಮ ರೈತರು ಸಾಕಷ್ಟು ವಿಚಾರ ಮಾಡುತ್ತಾರೆ. ರಾಶಿ ಮುಗಿದು ಚೀಲದ ಬಾಯಿ ಹೊಲಿದ ಮೇಲೆ ಮಾತ್ರ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಹೊಲದಲ್ಲಿ ಗಳಿಸಿದ್ದರಲ್ಲಿ ಒಂದು ಪಾಲು ಉಗ್ರಾಣದ ಬಾಗಿಲಲ್ಲಿ ಕಳೆದುಹೋಗುವುದುಂಟು. ಪಾಳಿಯಲ್ಲಿ ನಿಂತ ಟ್ರ್ಯಾಕ್ಟರಿನ ಬಾಡಿಗೆ, ತಪ್ಪಿದ ತೂಕ, ಹಸಿ ಕಾಳಿಗೆ ಹಿಡಿದ ಬೂಷ್ಟು, ಚೀಲದ ಎಣಿಕೆಯ ಜಗಳ, ಇವೆಲ್ಲ ಆ ನಷ್ಟದ ರೂಪಗಳೇ. ಮಾಲು ಒಳಗೆ ಬರುವ ಮತ್ತು ಹೊರಗೆ ಹೋಗುವ ಕ್ರಮವನ್ನು ಸರಿಪಡಿಸಿದರೆ ಹೆಚ್ಚು ಖರ್ಚಿಲ್ಲದೆ ಈ ನಷ್ಟವನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಬೇಕಾದ ಸೂಚನೆಗಳನ್ನು ಈ ಲೇಖನದಲ್ಲಿ ಕೊಡಲಾಗಿದೆ.

ಝಳಕಿ ಭಾಗದ ಪರಿಸ್ಥಿತಿ

ಝಳಕಿಯು ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಊರು. ಇಂಡಿಯ ಕಡೆಯ ರಸ್ತೆಯೂ ಇಲ್ಲಿ ಬಂದು ಕೂಡುತ್ತದೆ. ಸುತ್ತಲಿನ ಎರೆಭೂಮಿಯಲ್ಲಿ ತೊಗರಿ, ಹಿಂಗಾರಿ ಜೋಳ, ಕಡಲೆ ಪ್ರಮುಖ ಬೆಳೆಗಳು. ತೊಗರಿಯ ರಾಶಿ ಡಿಸೆಂಬರ್–ಜನವರಿಯಲ್ಲಿ, ಕಡಲೆ ಮತ್ತು ಜೋಳದ ರಾಶಿ ಫೆಬ್ರುವರಿ–ಮಾರ್ಚಿನಲ್ಲಿ ನಡೆಯುತ್ತದೆ. ಹೀಗಾಗಿ ವರ್ಷದ ಮಾಲೆಲ್ಲ ಮೂರು ನಾಲ್ಕು ತಿಂಗಳಲ್ಲಿ ಒಮ್ಮೆಲೇ ಗೋದಾಮಿನ ಬಾಗಿಲಿಗೆ ಬರುತ್ತದೆ. ಉಳಿದ ತಿಂಗಳುಗಳಲ್ಲಿ ಸಾಕಾಗುವ ಜಾಗ, ಕಾಟಾ ಮತ್ತು ಹಮಾಲರು ಈ ಹಂಗಾಮಿನಲ್ಲಿ ಸಾಲದೆ ಹೋಗುತ್ತವೆ.

2016–17ರ ಹಂಗಾಮು ಇದಕ್ಕೆ ದೊಡ್ಡ ಉದಾಹರಣೆ. ಅದರ ಹಿಂದಿನ ವರ್ಷ ದೇಶದಲ್ಲಿ ಸುಮಾರು 25 ಲಕ್ಷ ಟನ್ನಿನಷ್ಟಿದ್ದ ತೊಗರಿ ಉತ್ಪಾದನೆ ಆ ವರ್ಷ 48 ಲಕ್ಷ ಟನ್ನಿಗೂ ಮೇಲೇರಿತು. ಬೋನಸ್ಸೂ ಸೇರಿ ಕ್ವಿಂಟಾಲಿಗೆ 5,050 ರೂಪಾಯಿ ಬೆಂಬಲ ಬೆಲೆ ಗೊತ್ತಾಗಿತ್ತು. 2017ರ ಮೊದಲ ತಿಂಗಳುಗಳಲ್ಲಿ ಉತ್ತರ ಕರ್ನಾಟಕದ ಖರೀದಿ ಕೇಂದ್ರಗಳ ಮುಂದೆ ವಾಹನಗಳ ಉದ್ದನೆಯ ಸಾಲುಗಳು ನಿಂತವು. ಖಾಲಿ ಚೀಲಗಳ ಕೊರತೆ, ಗೋದಾಮಿನ ಜಾಗದ ಕೊರತೆಗಳಿಂದ ಖರೀದಿ ನಿಂತು ನಿಂತು ಸಾಗಿತು. ಬೆಲೆ ಗೊತ್ತಾಗಿದ್ದರೂ ಬಾಗಿಲು ದಾಟಲು ಆಗದಿದ್ದರೆ ಆ ಬೆಲೆ ರೈತನ ಕೈಗೆ ಬರುವುದಿಲ್ಲ. ಕಾಯಲಾರದವನು ಸಿಕ್ಕ ದರಕ್ಕೆ ಹೊರಗೇ ಮಾರಿ ಹೋಗುತ್ತಾನೆ.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವನ್ನು ತುಂಬುವುದು ಒಮ್ಮೆ, ತೆರೆಯುವುದು ಒಮ್ಮೆ. ಅಲ್ಲಿ ಮಾಲು ಒಬ್ಬನದು, ಲೆಕ್ಕವೂ ಒಬ್ಬನದು. ಉಗ್ರಾಣದಲ್ಲಿ ನೂರಾರು ಜನರ ಮಾಲು ಬರುತ್ತದೆ, ಬೇರೆ ಬೇರೆ ದಿನ ಹೊರಗೆ ಹೋಗುತ್ತದೆ. ಆದ್ದರಿಂದ ಹಗೇವಿಗೆ ಬೇಡವಾದ ಕ್ರಮ ಮತ್ತು ಬರಹ ಉಗ್ರಾಣಕ್ಕೆ ಅವಶ್ಯವಾಗಿ ಬೇಕು.

ಪಾಳಿ ಏಕೆ ಬೆಳೆಯುತ್ತದೆ?

ಕೆಲಸ ನಿಧಾನವಾದಾಗ ಹಮಾಲರು ಸಾಲದೆಂದು ಹೇಳುವುದು ರೂಢಿ. ಆದರೆ ಎಷ್ಟೋ ಸಲ ಕಾರಣ ಬೇರೆಯೇ ಇರುತ್ತದೆ. ಒಂದು ಸಣ್ಣ ಲೆಕ್ಕ ನೋಡೋಣ.

ಒಂದು ಟ್ರ್ಯಾಕ್ಟರಿನಲ್ಲಿ 40 ಕ್ವಿಂಟಾಲು, ಎಂದರೆ 50 ಕಿಲೋಗ್ರಾಮಿನ 80 ಚೀಲಗಳಿವೆ ಎಂದು ತಿಳಿಯಿರಿ. ಕಾಟಾದ ಮೇಲೆ ಒಂದು ಸಲಕ್ಕೆ 4 ಚೀಲ ಇಟ್ಟು, ತೂಗಿ, ಬರೆದು ಇಳಿಸಲು 2 ನಿಮಿಷ ಬೇಕು. 80 ಚೀಲಕ್ಕೆ 20 ಸಲ ತೂಗಬೇಕು. ಎಂದರೆ ಒಂದು ಟ್ರ್ಯಾಕ್ಟರಿಗೆ 40 ನಿಮಿಷ. ಹೀಗೆ 12 ಟ್ರ್ಯಾಕ್ಟರುಗಳು ಮುಂಜಾನೆ 8 ಗಂಟೆಗೇ ಒಟ್ಟಾಗಿ ಬಂದು ನಿಂತರೆ, ಕೊನೆಯದರ ಪಾಳಿ ಬರುವುದು ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ. ಎಲ್ಲರೂ ಕಾಯ್ದ ಸಮಯವನ್ನು ಕೂಡಿಸಿದರೆ 44 ಗಂಟೆಗಳಾಗುತ್ತವೆ. ಸರಾಸರಿ ಒಬ್ಬೊಬ್ಬರು 3 ಗಂಟೆ 40 ನಿಮಿಷ ಸುಮ್ಮನೆ ನಿಂತಂತಾಯಿತು.

ಅದೇ 12 ರೈತರಿಗೆ ಹಿಂದಿನ ದಿನವೇ ಚೀಟಿ ಕೊಟ್ಟು, 40 ನಿಮಿಷಕ್ಕೆ ಒಬ್ಬರಂತೆ ಬರಲು ತಿಳಿಸಿದರೆ ಹೇಗಾಗುತ್ತದೆ? ಕಾಟಾ ಅದೇ, ಹಮಾಲರು ಅವರೇ, ಕೆಲಸ ಮುಗಿಯುವುದೂ ಅದೇ ಸಂಜೆ 4 ಗಂಟೆಗೆ. ಒಂದು ಚೀಲವನ್ನೂ ಬೇಗ ಎತ್ತಲಿಲ್ಲ. ಆದರೂ 44 ಗಂಟೆಗಳ ಕಾಯುವಿಕೆ ಬಹುತೇಕ ಇಲ್ಲವಾಗುತ್ತದೆ. ಒಬ್ಬರು ತಡವಾದರೆ ಕಾಟಾ ಖಾಲಿ ನಿಲ್ಲಬಾರದೆಂದು ಒಂದು ವಾಹನವನ್ನು ಮುಂಚಿತವಾಗಿ ಕರೆಸಿಟ್ಟುಕೊಂಡರೆ ಸಾಕು. ಆಗ ಯಾರೂ 40 ನಿಮಿಷಕ್ಕಿಂತ ಹೆಚ್ಚು ಕಾಯಬೇಕಾಗುವುದಿಲ್ಲ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಬರುವ ಸಮಯವನ್ನು ಹಂಚುವುದೇ ಅತಿ ಅಗ್ಗದ ಸುಧಾರಣೆ. ಎರಡನೆಯದು, ಯಾವ ಹಂತದಲ್ಲಿ ಕೆಲಸ ಕಟ್ಟಿ ನಿಲ್ಲುತ್ತದೆಯೋ ಅದೇ ಹಂತವನ್ನು ಸುಧಾರಿಸಬೇಕು. ಮೇಲಿನ ಉದಾಹರಣೆಯಲ್ಲಿ ಕೆಲಸ ಕಟ್ಟುವುದು ಕಾಟಾದಲ್ಲಿ. ಅಲ್ಲಿ ಎರಡನೆಯ ಕಾಟಾ ಇಟ್ಟರೆ ಪ್ರಯೋಜನವಿದೆ. ಒಳಗೆ ಅಟ್ಟಿ ಒಟ್ಟುವ ಕಡೆಗೆ ಇನ್ನೂ ನಾಲ್ಕು ಹಮಾಲರನ್ನು ಹಚ್ಚಿದರೆ ಅವರೂ ಕಾಯುತ್ತ ನಿಲ್ಲುವರಷ್ಟೆ.

ಸ್ವೀಕಾರದ ಕ್ರಮ

ಮಾಲನ್ನು ಒಳಗೆ ತೆಗೆದುಕೊಳ್ಳುವಾಗ ಕೆಳಗಿನ ಕ್ರಮವನ್ನು ತಪ್ಪದೆ ಪಾಲಿಸತಕ್ಕದ್ದು.

1. ಇಳಿಸುವ ಮೊದಲೇ ಮಾದರಿ ತೆಗೆಯಿರಿ. ಎಲ್ಲ ಚೀಲಗಳನ್ನು ಇಳಿಸಿ ತೂಗಿದ ಮೇಲೆ ಮಾಲು ಹಸಿಯಾಗಿದೆಯೆಂದು ಹೇಳಿದರೆ ಮತ್ತೆ ಹೇರಬೇಕಾಗುತ್ತದೆ. ಎರಡು ಕಡೆಯ ಕೂಲಿ ವ್ಯರ್ಥ. ಮುಂದಿನ ವಾಹನ ತೂಕದಲ್ಲಿರುವಾಗಲೇ ಹಿಂದಿನದರ ಮಾದರಿ ಪರೀಕ್ಷೆ ಮುಗಿದಿರಬೇಕು. 10 ಚೀಲಗಳವರೆಗೆ ಪ್ರತಿಯೊಂದರಿಂದ, 10ರಿಂದ 100ರವರೆಗಿದ್ದರೆ ಅಲ್ಲಲ್ಲಿ ಆಯ್ದ 10 ಚೀಲಗಳಿಂದ, 100ಕ್ಕೆ ಮೀರಿದ್ದರೆ ಒಟ್ಟು ಸಂಖ್ಯೆಯ ವರ್ಗಮೂಲದಷ್ಟು ಚೀಲಗಳಿಂದ ಮಾದರಿ ತೆಗೆಯುವುದು ಒಪ್ಪಿತವಾದ ಪದ್ಧತಿ. ಉದಾಹರಣೆಗೆ 400 ಚೀಲಗಳಿದ್ದರೆ 20 ಚೀಲಗಳು. ಮೇಲಿನ ಚೀಲಗಳಿಂದ ಮಾತ್ರ ತೆಗೆಯಬಾರದು. ಎಲ್ಲವನ್ನೂ ಕೂಡಿಸಿ, ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಉಳಿಸಿಕೊಳ್ಳುತ್ತ ಬೇಕಾದ ಪ್ರಮಾಣಕ್ಕೆ ಇಳಿಸಬೇಕು. ಇದನ್ನು ರೈತನ ಎದುರಿನಲ್ಲೇ ಮಾಡುವುದು ಒಳ್ಳೆಯದು.

2. ತೇವಾಂಶ ನೋಡಿರಿ. ಬೆಂಬಲ ಬೆಲೆಯ ಖರೀದಿಯಲ್ಲಿ ತೊಗರಿಯ ತೇವಾಂಶ ಶೇಕಡಾ 12ಕ್ಕೆ, ಕಸಕಡ್ಡಿ ಶೇಕಡಾ 2ಕ್ಕೆ ಮೀರಬಾರದು. ಬಹುದಿನ ಇಡುವ ಬೇಳೆಕಾಳು ಶೇಕಡಾ 10ರ ಆಸುಪಾಸಿನಲ್ಲಿದ್ದರೆ ಇನ್ನೂ ಕ್ಷೇಮ. ತೇವಮಾಪಕ ಪ್ರತಿಯೊಂದು ಸಂಘದಲ್ಲಿ ಇರಲೇಬೇಕಾದ ಉಪಕರಣ. ರೈತರು ಮನೆಯಲ್ಲಿ ಒಂದು ಸುಲಭ ಪರೀಕ್ಷೆ ಮಾಡಬಹುದು. ಒಣಗಿದ ಗಾಜಿನ ಶೀಸೆಯಲ್ಲಿ ಕಾಲುಭಾಗ ಕಾಳು, ಎರಡು ಮೂರು ಚಮಚೆ ಚೆನ್ನಾಗಿ ಒಣಗಿಸಿದ ಪುಡಿ ಉಪ್ಪು ಹಾಕಿ, ಮುಚ್ಚಳ ಬಿಗಿದು ಕೆಲವು ನಿಮಿಷ ಅಲುಗಾಡಿಸಿರಿ. ಉಪ್ಪು ಗಾಜಿಗೆ ಅಂಟಿದರೆ ತೇವ ಸುಮಾರು ಶೇಕಡಾ 15ಕ್ಕೆ ಮೀರಿದೆ ಎಂದರ್ಥ. ಅಂಥ ಮಾಲನ್ನು ತರುವ ಮಾತೇ ಬೇಡ. ಅಂಟದಿದ್ದರೆ 15ಕ್ಕಿಂತ ಕಡಿಮೆಯೆಂದು ಮಾತ್ರ ತಿಳಿಯುತ್ತದೆ. 12 ಇದೆಯೋ ಇಲ್ಲವೋ ಎಂಬುದನ್ನು ಮಾಪಕವೇ ಹೇಳಬೇಕು.

3. ಹುಳ ನೋಡಿರಿ. ಬೇಳೆಕಾಳಿನ ದುಂಬಿ ಹೊಲದಲ್ಲಿಯೇ ಕಾಯಿಗಳ ಮೇಲೆ ಮೊಟ್ಟೆಯಿಟ್ಟು ಕಾಳಿನೊಡನೆ ಗೋದಾಮಿಗೆ ಬರುತ್ತದೆ. ಕಾಳಿನ ಮೇಲೆ ಅಂಟಿದ ಬಿಳಿ ಚುಕ್ಕೆಗಳು ಮೊಟ್ಟೆಗಳು. ಗುಂಡನೆಯ ತೂತುಗಳು ಹುಳ ಹೊರಬಿದ್ದ ಗುರುತು. ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ತಿಂಗಳಲ್ಲಿ ಅದರ ಒಂದು ಪೀಳಿಗೆ ಮುಗಿಯುತ್ತದೆ. ಹುಳ ಕಂಡ ಮಾಲನ್ನು ಚೊಕ್ಕ ಮಾಲಿನ ಪಕ್ಕಕ್ಕೆ ಎಂದೂ ಒಟ್ಟಬಾರದು.

4. ತೂಗಿರಿ, ಚೀಲದ ತೂಕ ಕಳೆಯಿರಿ. ಖಾಲಿ ಚೀಲದ ತೂಕವನ್ನು ಅಂದಾಜಿನಿಂದ ಹಿಡಿಯಬಾರದು. ಅದೇ ಬಗೆಯ 20 ಖಾಲಿ ಚೀಲಗಳನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. ಚೀಲಕ್ಕೆ 100 ಗ್ರಾಂ ತಪ್ಪಿದರೆ 1,000 ಚೀಲಕ್ಕೆ ಒಂದು ಕ್ವಿಂಟಾಲು ತಪ್ಪುತ್ತದೆ. ವಿದ್ಯುನ್ಮಾನ ಕಾಟಾಗಳಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಆಗಬೇಕು. ದಿನವೂ ಬೆಳಿಗ್ಗೆ ಗೊತ್ತಾದ ತೂಕದ ಕಲ್ಲುಗಳನ್ನಿಟ್ಟು ಕಾಟಾ ಪರೀಕ್ಷಿಸಿದ ಮೇಲೆಯೇ ಕೆಲಸ ಆರಂಭಿಸಬೇಕು.

5. ಅಲ್ಲಿಯೇ ಪಾವತಿ ಬರೆಯಿರಿ. ರೈತನ ಹೆಸರು, ಮಾಲು, ತಳಿ, ಚೀಲಗಳ ಸಂಖ್ಯೆ, ಒಟ್ಟು ತೂಕ, ಚೀಲ ಕಳೆದ ನಿವ್ವಳ ತೂಕ, ತೇವಾಂಶ, ಇಟ್ಟ ಅಟ್ಟಿಯ ಸಂಖ್ಯೆ, ತಾರೀಖು, ಇಷ್ಟೂ ಪಾವತಿಯಲ್ಲಿರಬೇಕು. ಸಂಜೆ ನೆನಪಿನಿಂದ ಕೀರ್ದಿ ಬರೆಯುವ ರೂಢಿ ಎಲ್ಲ ತಗಾದೆಗಳ ಮೂಲ.

ತೇವ ಬರೆಯದಿದ್ದರೆ ಆಗುವ ಅನರ್ಥ

ಪಾವತಿಯಲ್ಲಿ ತೂಕ ಬರೆಯುವವರು ಬಹಳ ಜನ. ತೇವಾಂಶ ಬರೆಯುವವರು ಕಡಿಮೆ. ಇದರಿಂದ ಎಂಥ ಅನರ್ಥ ಆಗಬಹುದೆಂಬುದನ್ನು ಗಮನಿಸಿರಿ.

ಜನವರಿಯಲ್ಲಿ 1,000 ಚೀಲ, ಎಂದರೆ 500 ಕ್ವಿಂಟಾಲು ತೊಗರಿ ಶೇಕಡಾ 12 ತೇವದೊಂದಿಗೆ ಒಳಗೆ ಬಂದಿತೆನ್ನಿ. ಇದರಲ್ಲಿ ಒಣ ಪದಾರ್ಥ 440 ಕ್ವಿಂಟಾಲು, ಉಳಿದ 60 ಕ್ವಿಂಟಾಲು ನೀರು. ನಮ್ಮ ಕಡೆಯ ಏಪ್ರಿಲ್–ಮೇ ತಿಂಗಳ ಒಣ ಬಿಸಿಲಿಗೆ ತೇವ ಶೇಕಡಾ 10.5ಕ್ಕೆ ಇಳಿಯಿತೆಂದರೆ, ಅದೇ 440 ಕ್ವಿಂಟಾಲು ಒಣ ಪದಾರ್ಥ ಈಗ ಒಟ್ಟು ತೂಕದ ಶೇಕಡಾ 89.5 ಆಗುತ್ತದೆ. 440ನ್ನು 0.895ರಿಂದ ಭಾಗಿಸಿದರೆ ಒಟ್ಟು ತೂಕ 491 ಕ್ವಿಂಟಾಲು 62 ಕಿಲೋ. ಒಂದು ಕಾಳನ್ನೂ ಯಾರೂ ಮುಟ್ಟದೆ 8 ಕ್ವಿಂಟಾಲು 38 ಕಿಲೋ ಕಡಿಮೆ ಬಂದಿತು!

ತೇವ ಬರೆದಿಟ್ಟಿದ್ದರೆ ಈ ಕೊರತೆಗೆ ಲೆಕ್ಕವಿದೆ. ಬರೆಯದಿದ್ದರೆ ಪ್ರಾಮಾಣಿಕನಾದ ಗೋದಾಮು ವ್ಯವಸ್ಥಾಪಕ ಕಳ್ಳನೆನಿಸಿಕೊಳ್ಳುತ್ತಾನೆ. ಆ ಕೊರತೆಯನ್ನು ಸಂಘದಿಂದಲೋ ಅವನ ಪಗಾರದಿಂದಲೋ ಮುರಿಯುವ ಪ್ರಸಂಗ ಬರುತ್ತದೆ. ಇದಕ್ಕೆ ಹೆದರಿದ ಕೆಲವರು ಸ್ವೀಕಾರದ ಸಮಯದಲ್ಲೇ ಚೀಲಕ್ಕೆ ಅರ್ಧ ಕಿಲೋ, ಒಂದು ಕಿಲೋ ಹೆಚ್ಚು ತೂಗಿಸಿಕೊಳ್ಳುತ್ತಾರೆ. ಆಗ ನಷ್ಟ ರೈತನ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಇದರ ವಿರುದ್ಧವೂ ಆಗುತ್ತದೆ. ಕಾಳು ಗಾಳಿಯ ತೇವ ಹೀರಿ ತೂಕ ಏರುತ್ತದೆ. ನಿಜವಾಗಿ ಕದ್ದುಹೋದ ಮಾಲು ಆ ಏರಿಕೆಯಲ್ಲಿ ಮುಚ್ಚಿಹೋಗುತ್ತದೆ. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ತೇವ ಬರೆದರೆ ರೈತ ಮತ್ತು ವ್ಯವಸ್ಥಾಪಕ ಇಬ್ಬರಿಗೂ ನ್ಯಾಯ ಸಿಗುತ್ತದೆ.

ಅಟ್ಟಿ ಒಟ್ಟುವ ರೀತಿ

ಹೊರಗೆ ಕಳಿಸುವ ಕೆಲಸದ ಅರ್ಧ ಭಾಗ ಅಟ್ಟಿ ಅಥವಾ ಥಪ್ಪಿ ಒಟ್ಟುವಾಗಲೇ ನಿರ್ಧಾರವಾಗುತ್ತದೆ.

– ಚೀಲಗಳನ್ನು ಬರಿ ನೆಲದ ಮೇಲೆ ಇಡದೆ ಮರದ ಹಲಗೆ ಚೌಕಟ್ಟುಗಳ ಮೇಲೆ ಇಡಿರಿ.
– ಗೋಡೆಯಿಂದ ಎರಡೂವರೆ ಅಡಿ ಬಿಡಿರಿ. ಎರಡು ಅಟ್ಟಿಗಳ ನಡುವೆ ಮನುಷ್ಯ ಸುಲಭವಾಗಿ ತಿರುಗಾಡಿ ಹೊದಿಕೆ ಹಾಕಲು ಬರುವಷ್ಟು ದಾರಿ ಇರಲಿ.
– ಪ್ರತಿ ಪದರಿನಲ್ಲಿ ಒಂದೇ ಸಂಖ್ಯೆಯ ಚೀಲಗಳಿರಲಿ. ಪದರಿಗೆ 12ರಂತೆ 10 ಪದರುಗಳಿದ್ದರೆ 120 ಚೀಲಗಳೆಂದು ನಿಂತಲ್ಲಿಯೇ ಎಣಿಸಬಹುದು.
– ಪ್ರತಿ ಅಟ್ಟಿಗೆ ಒಂದು ಕಾರ್ಡು ತೂಗುಹಾಕಿರಿ. ಮಾಲು, ಬಂದ ದಿನ, ತೇವ, ಬಂದ ಚೀಲ, ಹೋದ ಚೀಲ, ಉಳಿದ ಚೀಲ ಅದರಲ್ಲಿರಲಿ.
– ಮೊದಲು ಬಂದದ್ದು ಮೊದಲು ಹೋಗಬೇಕು. ಹೊಸ ಮಾಲನ್ನು ಹಳೆಯದರ ಮುಂದೆ ಒಟ್ಟಿದರೆ ಹಳೆಯದು ಒಳಗೇ ಉಳಿದು ಹುಳದ ಮನೆಯಾಗುತ್ತದೆ.

ಬೇಗ ಹೋಗುವ ಮಾಲನ್ನು ಬಾಗಿಲಿನ ಹತ್ತಿರ ಇಡುವುದರ ಲಾಭವನ್ನೂ ಲೆಕ್ಕ ಮಾಡಬಹುದು. 10 ಟನ್ನಿನ ಲಾರಿಗೆ 200 ಚೀಲ ಹೇರಬೇಕು. ಅಟ್ಟಿ 30 ಮೀಟರು ದೂರವಿದ್ದರೆ ಹೋಗಿಬರುವ ನಡಿಗೆ ಚೀಲಕ್ಕೆ 60 ಮೀಟರು; 200 ಚೀಲಕ್ಕೆ 12 ಕಿಲೋಮೀಟರು. ಅಟ್ಟಿ 10 ಮೀಟರು ದೂರವಿದ್ದರೆ 4 ಕಿಲೋಮೀಟರು ಮಾತ್ರ. ಒಂದು ಲಾರಿಗೆ 8 ಕಿಲೋಮೀಟರು ನಡಿಗೆ ಉಳಿಯಿತು. ಅದರಲ್ಲಿ ಅರ್ಧ ಬೆನ್ನ ಮೇಲೆ ಭಾರ ಹೊತ್ತ ನಡಿಗೆ.

ಹಮಾಲರ ವಿಷಯವನ್ನು ಬರಿ ಕೂಲಿಯ ಲೆಕ್ಕದಲ್ಲಿ ನೋಡಬಾರದು. ಹಿಂದೆ 100 ಕಿಲೋದ ಚೀಲ ಹೊರುವುದು ಸಾಮಾನ್ಯವಾಗಿತ್ತು. ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕಿಲೋಗೆ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿಯೇ ಶಿಫಾರಸು ಮಾಡಿದೆ. 50 ಕಿಲೋದ ಚೀಲವನ್ನೇ ಬಳಸಿರಿ. ಲಾರಿಯ ತಳದ ಎತ್ತರಕ್ಕೆ ಸರಿಹೊಂದುವ ಜಗಲಿ, ಎರಡು ಗಾಲಿಯ ಕೈಗಾಡಿ, ಕುಡಿಯುವ ನೀರು, ನೆರಳು, ಇಷ್ಟು ಒದಗಿಸಿದರೆ ಕೆಲಸವೂ ಚುರುಕಾಗುತ್ತದೆ, ಬೆನ್ನೂ ಉಳಿಯುತ್ತದೆ.

ಮಾಲು ಹೊರಗೆ ಕಳಿಸುವಾಗ

ಲಾರಿ ಬಂದ ಮೇಲೆ ಯಾವ ಅಟ್ಟಿ ಒಡೆಯಬೇಕೆಂದು ವಿಚಾರ ಮಾಡುವುದು ಬೇಡ. ಹಿಂದಿನ ದಿನ ಸಂಜೆಯೇ ಪಟ್ಟಿ ತಯಾರಿಸಿ, ಅಟ್ಟಿಯ ಸಂಖ್ಯೆ ಗೊತ್ತುಮಾಡಿ, ಹರಿದ ಚೀಲ ಹೊಲಿದು ಇಡಿರಿ. ಹೇರುವ ಮೊದಲು ಲಾರಿಯ ತಳ ನೋಡಬೇಕು. ಮೊಳೆ, ತೂತು, ಒದ್ದೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಗೊಬ್ಬರ ಅಥವಾ ಕೀಟನಾಶಕ ಹೇರಿ ಬಂದ ಲಾರಿಯಾದರೆ ಚೊಕ್ಕ ಗುಡಿಸಿ ತೊಳೆದು ಒಣಗಿಸದೆ ಧಾನ್ಯ ಹೇರಬಾರದು. ಎಣಿಕೆಗೆ ಇಬ್ಬರಿರಲಿ; ಒಬ್ಬ ಅಟ್ಟಿಯ ಹತ್ತಿರ, ಒಬ್ಬ ಲಾರಿಯ ಹತ್ತಿರ. ಪ್ರತಿ 10 ಚೀಲಕ್ಕೊಮ್ಮೆ ಇಬ್ಬರ ಲೆಕ್ಕ ಕೂಡಬೇಕು. ಕೊನೆಗೆ ತಪ್ಪು ಹುಡುಕುವುದಕ್ಕಿಂತ ಹತ್ತರಲ್ಲಿ ಹುಡುಕುವುದು ಸುಲಭ.

ಹುಳ ಬಿದ್ದ ಅಟ್ಟಿಗೆ ಹೊದಿಕೆ ಹಾಕಿ ಅಲ್ಯೂಮಿನಿಯಂ ಫಾಸ್ಫೈಡಿನ ಧೂಮ ಕೊಡಬೇಕಾದರೆ ಅದನ್ನು ತರಬೇತಿ ಮತ್ತು ಪರವಾನಗಿ ಪಡೆದವರೇ ಮಾಡತಕ್ಕದ್ದು. ಈ ವಿಷಾನಿಲ ಪ್ರಾಣಾಂತಕ. ಅಟ್ಟಿ ಸುಮಾರು ಒಂದು ವಾರ ಮುಚ್ಚಿರಬೇಕಾಗುತ್ತದೆ; ಆಮೇಲೆ ಗಾಳಿಯಾಡಿಸಬೇಕು. ಆದ್ದರಿಂದ ಕಳಿಸುವ ದಿನ ನೋಡಿಕೊಂಡೇ ಧೂಮ ಕೊಡುವ ದಿನ ಗೊತ್ತುಮಾಡಿರಿ. ಲಾರಿ ಬಂತೆಂದು ಹೊದಿಕೆ ಎತ್ತಿದರೆ ಹುಳ ಉಳಿಯುತ್ತದೆ, ಮನುಷ್ಯನ ಜೀವಕ್ಕೆ ಅಪಾಯ.

ಒಂದೇ ಗೋದಾಮು, ಎರಡು ಹಂಗಾಮು

ಬಹಳಷ್ಟು ಸಂಘಗಳಿಗೆ ಇರುವುದು ಒಂದೇ ಗೋದಾಮು. ಮೇ ಕೊನೆಗೆ ಮುಂಗಾರಿಯ ಬೀಜ, ಗೊಬ್ಬರ ಬರುವಾಗ ತೊಗರಿ ಇನ್ನೂ ಒಳಗೇ ಇರುತ್ತದೆ. ಯೂರಿಯಾ ಗಾಳಿಯ ತೇವ ಹೀರಿ ಗಟ್ಟಿಯಾಗುವ ಪದಾರ್ಥ. ಗೊಬ್ಬರ, ಕೀಟನಾಶಕಗಳನ್ನು ಧಾನ್ಯದೊಡನೆ ಇಡಲೇಬಾರದು. ಫೆಬ್ರುವರಿಯಲ್ಲಿಯೇ ವರ್ಷದ ಪಂಚಾಂಗ ಹಾಕಿಕೊಂಡು, ಯಾವ ಮಾಲು ಯಾವ ತಿಂಗಳು ಹೊರಗೆ ಹೋಗಬೇಕೆಂದು ಬರೆದು ಗೋಡೆಗೆ ಹಚ್ಚಿರಿ. ಮೇ ಮಧ್ಯದೊಳಗೆ ಒಂದು ಭಾಗವನ್ನು ಖಾಲಿ ಮಾಡಿ, ಗುಡಿಸಿ, ಸುಣ್ಣ ಹಚ್ಚಿ, ಅಡ್ಡಗೋಡೆಯಿಂದ ಬೇರ್ಪಡಿಸುವುದು ಅಗತ್ಯ.

ಉಗ್ರಾಣದ ಪಾವತಿಯ ಬೆಲೆ

ಗ್ರಾಮೀಣ ಸಾಲ ಸಮೀಕ್ಷೆಯ ಸಮಿತಿ 1954ರಲ್ಲಿ ಕೊಟ್ಟ ಸಲಹೆಯಂತೆ 1956ರಲ್ಲಿ ಕಾನೂನಾಗಿ, 1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ ನಮ್ಮ ರಾಜ್ಯದ ಉಗ್ರಾಣ ನಿಗಮವೂ ಸ್ಥಾಪನೆಯಾದವು. ರಾಶಿಯ ಹೊತ್ತಿಗೆ ಬಿದ್ದ ದರಕ್ಕೆ ಮಾರದೆ ಮಾಲನ್ನು ಇಟ್ಟು, ಅದರ ಪಾವತಿಯ ಮೇಲೆ ಸಾಲ ಪಡೆಯುವಂತಾಗಬೇಕೆಂಬುದು ಇದರ ಉದ್ದೇಶ. 2007ರ ಉಗ್ರಾಣ ಕಾನೂನಿನಿಂದ ನೋಂದಾಯಿತ ಉಗ್ರಾಣದ ಪಾವತಿ ಕೈಬದಲಾಯಿಸಬಹುದಾದ ಪತ್ರವಾಯಿತು. 2017ರಿಂದ ಇದು ಗಣಕಯಂತ್ರದ ಮೂಲಕವೂ ದೊರೆಯುತ್ತಿದೆ. 2023ರಲ್ಲಿ ಸಹಕಾರ ಸಂಘಗಳ ಮಟ್ಟದಲ್ಲಿ ಧಾನ್ಯ ಸಂಗ್ರಹಣೆಯ ದೊಡ್ಡ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದರ ಮೊದಲ ಗೋದಾಮುಗಳಲ್ಲಿ ಒಂದು ಬೀದರ ಜಿಲ್ಲೆಯ ಏಕಂಬಾದಲ್ಲಿ ಆಗಿದೆ.

ಬ್ಯಾಂಕು ಸಾಲ ಕೊಡುವುದು ಪಾವತಿಯಲ್ಲಿ ಬರೆದ ತೂಕ ಮತ್ತು ಗುಣವನ್ನು ನಂಬಿ. ಆ ಬರಹ ಹುಟ್ಟುವುದು ಬಾಗಿಲಿನಲ್ಲಿ, ಕಾಟಾದ ಪಕ್ಕದಲ್ಲಿ. ಅಲ್ಲಿ ಅಂದಾಜು ಹೊಕ್ಕರೆ ಹೊಸ ಕಟ್ಟಡ, ಹೊಸ ಯಂತ್ರ ಯಾವುದೂ ಅದನ್ನು ಸರಿಪಡಿಸಲಾರದು.

ರೈತರು ಮತ್ತು ಕಾರ್ಯಕರ್ತರು ನೆನಪಿಡಬೇಕಾದುದು

1. ಕಾಳನ್ನು ಒಣಗಿಸಿ, ತೂರಿ, ಜರಡಿ ಹಿಡಿದು ತನ್ನಿರಿ. ಬಾಗಿಲಿಂದ ಮರಳಿದ ಮಾಲಿಗೆ ಎರಡು ಬಾಡಿಗೆ.
2. ಎಲ್ಲ ಚೀಲಗಳಲ್ಲಿ ಒಂದೇ ತೂಕ ತುಂಬಿರಿ; ಎಣಿಕೆಯಿಂದಲೇ ಅರ್ಧ ಲೆಕ್ಕ ತಿಳಿಯುತ್ತದೆ.
3. ಚೀಟಿಯಲ್ಲಿ ಕೊಟ್ಟ ಹೊತ್ತಿಗೆ ಬನ್ನಿರಿ. ಮೊದಲೇ ಬಂದು ನಿಂತರೆ ಎಲ್ಲರ ಪಾಳಿ ಕೆಡುತ್ತದೆ.
4. ತಾಡಪತ್ರಿ ತಪ್ಪದೆ ತನ್ನಿರಿ. ಅಕಾಲದ ಒಂದು ಮಳೆ ವರ್ಷದ ಮಾಲನ್ನು ಕೆಡಿಸಬಲ್ಲದು.
5. ಪಾವತಿಯಲ್ಲಿ ತೇವಾಂಶ ಬರೆದಿದೆಯೇ ನೋಡಿ ಸಹಿ ಮಾಡಿರಿ. ಬರೆಯದಿದ್ದರೆ ಕೇಳಿ ಬರೆಯಿಸಿಕೊಳ್ಳಿರಿ.

ವಿಸ್ತರಣಾ ಕಾರ್ಯಕರ್ತರು ತಮ್ಮ ಭಾಗದ ಸಂಘಗಳಲ್ಲಿ ಹಂಗಾಮಿಗೆ ಮುಂಚೆ, ಡಿಸೆಂಬರ್ ಮೊದಲ ವಾರದಲ್ಲಿ, ಕಾಟಾ, ತೇವಮಾಪಕ, ಖಾಲಿ ಚೀಲ, ಅಟ್ಟಿ ಕಾರ್ಡು ಮತ್ತು ಚೀಟಿ ಪುಸ್ತಕ ಈ ಐದನ್ನೂ ಪರೀಕ್ಷಿಸಿದರೆ ಉತ್ತಮ. ಒಂದು ವಾರ ಪ್ರತಿ ವಾಹನ ಬಂದ ಹೊತ್ತು, ಕಾಟಾ ಏರಿದ ಹೊತ್ತು, ಮರಳಿದ ಹೊತ್ತು, ಈ ಮೂರನ್ನು ಬರೆಯಿಸಿರಿ. ಎಲ್ಲಿ ಕೆಲಸ ಕಟ್ಟಿ ನಿಲ್ಲುತ್ತದೆಂಬುದು ಆ ಬರಹದಲ್ಲಿಯೇ ಕಾಣುತ್ತದೆ. ಅಲ್ಲಿಂದಲೇ ಸುಧಾರಣೆಯನ್ನು ಆರಂಭಿಸಬೇಕು.